ಒಂದೇ ಕೀಲಿ, ನೂರು ಬಾಗಿಲು

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಉತ್ತರ ಕರ್ನಾಟಕದ ದೊಡ್ಡ ಜಾತ್ರೆಗಳಲ್ಲಿ ಕುಸ್ತಿ ಇಲ್ಲದಿದ್ದರೆ ಕಳೆಯೇ ಇರುವುದಿಲ್ಲ. ಹಲಗೆ ಬಡಿಯುತ್ತದೆ, ಜನ ಕಣದ ಸುತ್ತ ಸೇರುತ್ತಾರೆ, ಪೈಲವಾನರು ಒಬ್ಬೊಬ್ಬರಾಗಿ ಕೆಮ್ಮಣ್ಣಿಗೆ ಇಳಿಯುತ್ತಾರೆ. ಹಿಂದಿನ ಕಾಲದಲ್ಲಿ ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಹುಡುಗನೊಬ್ಬ ಜೋಡಿ ಕೇಳಿಕೊಂಡು ಬಂದರೆ ಪಂಚರು ಅವನಿಂದ ಕಾಗದಪತ್ರ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಮೂರೇ ಮಾತು: ಯಾವ ಊರು, ಯಾವ ಗರಡಿ, ಉಸ್ತಾದ ಯಾರು?

ಅಷ್ಟು ಸಾಕಾಗುತ್ತಿತ್ತು. ಪಂಚರಿಗೆ ಹುಡುಗ ಗೊತ್ತಿಲ್ಲದಿದ್ದರೂ ಗರಡಿ ಗೊತ್ತು. ಗರಡಿಗೆ ಹುಡುಗ ಗೊತ್ತು. ಒಂದೇ ಗರಡಿಯ ಹೆಸರು ವಿಜಯಪುರದ ಕಣದಲ್ಲೂ ನಡೆಯುತ್ತಿತ್ತು, ಜಮಖಂಡಿಯ ಕಣದಲ್ಲೂ ನಡೆಯುತ್ತಿತ್ತು, ಅಥಣಿಯಲ್ಲೂ ನಡೆಯುತ್ತಿತ್ತು. ಪ್ರತಿ ಊರಲ್ಲಿ ಹೊಸದಾಗಿ ತನ್ನನ್ನು ತಾನು ಸಾಬೀತು ಮಾಡಿಕೊಳ್ಳುವ ಕಷ್ಟ ಪೈಲವಾನನಿಗೆ ಇರಲಿಲ್ಲ.

ಈಗ ಅದೇ ಊರುಗಳ ಹುಡುಗರು ಮೊಬೈಲಿನ ಕಣಕ್ಕೆ ಇಳಿದಿದ್ದಾರೆ. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾದ ತಿಕೋಟಾ, ಬಬಲೇಶ್ವರಗಳಲ್ಲಿ ಕುಳಿತೇ ದೂರದೂರದ ಎದುರಾಳಿಯೊಡನೆ ಆಡಬಹುದು. ಆಟದ ಪಂದ್ಯಾವಳಿ ನಡೆಸುವ ಜಾಲತಾಣಗಳು ಹತ್ತಾರಿವೆ. ಪ್ರತಿಯೊಂದರ ಹೊಸ್ತಿಲಲ್ಲಿಯೂ ಒಂದು ಪ್ರಶ್ನೆ: ನೀನು ಯಾರು? ಪ್ರತಿಯೊಂದಕ್ಕೂ ಬೇರೆ ಹೆಸರು, ಬೇರೆ ಗುಪ್ತಪದ ಕೊಡುವ ಬದಲು, ಈಗಾಗಲೇ ಇರುವ ಒಂದು ಖಾತೆಯ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಇದೇ ಏಕ ಲಾಗಿನ್ ವ್ಯವಸ್ಥೆ. ಒಂದೇ ಕೀಲಿಕೈ, ನೂರು ಬಾಗಿಲು.

ನೋಡಲು ಇದು ಗರಡಿಯ ಹೆಸರಿನ ಹೊಸ ಅವತಾರವೇ. ಆದರೆ ಗರಡಿ ಊರಲ್ಲಿತ್ತು, ಉಸ್ತಾದ ಕಣ್ಣೆದುರಿಗಿದ್ದ. ಈ ಹೊಸ ಕೀಲಿಕೈಯನ್ನು ಇಟ್ಟುಕೊಂಡವರು ಯಾರು? ಅದು ಅವರ ಕೈಗೆ ಹೋದದ್ದು ಹೇಗೆ? ಈ ಕಥೆಗೆ ಅರವತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಗುಪ್ತಪದ ಹುಟ್ಟಿದ್ದು

ಗುಟ್ಟಿನ ಮಾತು ಹೇಳಿ ಒಳಗೆ ಹೋಗುವ ಪದ್ಧತಿ ಬಹಳ ಹಳೆಯದು. ರೋಮನ್ ಸೈನ್ಯದ ಶಿಬಿರಗಳಲ್ಲಿ ಪ್ರತಿ ಸಂಜೆ ಆ ರಾತ್ರಿಯ ಸಂಕೇತಪದವನ್ನು ಮರದ ಹಲಗೆಯ ಮೇಲೆ ಬರೆದು ತುಕಡಿಯಿಂದ ತುಕಡಿಗೆ ಕಳುಹಿಸುತ್ತಿದ್ದರೆಂದು ಕ್ರಿಸ್ತಪೂರ್ವ ಎರಡನೆಯ ಶತಮಾನದ ಇತಿಹಾಸಕಾರ ಪಾಲಿಬಿಯಸ್ ವಿವರಿಸಿದ್ದಾನೆ. ಅದು ಇಡೀ ಶಿಬಿರಕ್ಕೆ ಒಂದೇ ಪದ. ‘ನೀನು ನಮ್ಮವನೇ’ ಎಂಬುದಷ್ಟೇ ಅದರಿಂದ ತಿಳಿಯುತ್ತಿತ್ತು, ‘ನೀನು ಯಾರು’ ಎಂಬುದು ತಿಳಿಯುತ್ತಿರಲಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಗುಪ್ತಪದ ಬೇಕಾದದ್ದು ಕಂಪ್ಯೂಟರ್ ಬಂದ ಮೇಲೆ. 1961ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ತೋರಿಸಿದರು. ಯಂತ್ರ ಒಂದು, ಬಳಕೆದಾರರು ಹಲವರು. ಒಬ್ಬನ ಕಡತ ಇನ್ನೊಬ್ಬನ ಕಣ್ಣಿಗೆ ಬೀಳಬಾರದು. ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಡಲಾಯಿತು.

ಬೀಗ ಬಂದ ಬೆನ್ನಿಗೇ ಬೀಗ ಮುರಿಯುವವನೂ ಬಂದ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕೇ ಗಂಟೆ ಯಂತ್ರ ಸಿಗುತ್ತಿತ್ತು, ಅವನ ಕೆಲಸಕ್ಕೆ ಅದು ಸಾಲದು. 1962ರಲ್ಲಿ ಅವನು ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸುವಂತೆ ಒಂದು ರಂಧ್ರಪಟ್ಟಿಯ ಮೂಲಕ ಯಂತ್ರಕ್ಕೆ ಕೋರಿಕೆ ಸಲ್ಲಿಸಿದ. ಯಂತ್ರ ವಿಧೇಯವಾಗಿ ಎಲ್ಲರ ಗುಟ್ಟನ್ನೂ ಮುದ್ರಿಸಿ ಕೊಟ್ಟಿತು! ಇದನ್ನು ಎಷ್ಟೋ ವರ್ಷಗಳ ಮೇಲೆ ಅವನೇ ಒಪ್ಪಿಕೊಂಡ. ಎಲ್ಲರ ಕೀಲಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆ ಕದ್ದವನಿಗೆ ಎಲ್ಲ ಮನೆಗಳೂ ಸಿಗುತ್ತವೆ ಎಂಬ ಪಾಠವನ್ನು ಗುಪ್ತಪದ ತನ್ನ ತೊಟ್ಟಿಲಲ್ಲೇ ಕಲಿಸಿತು.

ಯಂತ್ರಗಳು ಹೆಚ್ಚಿದಂತೆ ಗುಪ್ತಪದಗಳೂ ಹೆಚ್ಚಿದವು. ಅದೇ ಎಂಐಟಿಯಲ್ಲಿ 1983ರಲ್ಲಿ ಆರಂಭವಾದ ‘ಅಥೇನಾ’ ಯೋಜನೆ ಇದಕ್ಕೊಂದು ಉಪಾಯ ಹುಡುಕಿತು. ಅದರ ಹೆಸರು ಕೆರ್ಬೆರೋಸ್. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು. ಬಳಕೆದಾರ ಬೆಳಿಗ್ಗೆ ಒಮ್ಮೆ ಕಾವಲುಗಾರ ಯಂತ್ರದ ಮುಂದೆ ತನ್ನ ಗುರುತು ಸಾಬೀತು ಮಾಡಬೇಕು. ಅದು ಕೆಲವು ಗಂಟೆಗಳ ಅವಧಿಯ ಚೀಟಿಯೊಂದನ್ನು ಕೊಡುತ್ತದೆ. ಆಮೇಲೆ ಮುದ್ರಣಯಂತ್ರವೋ ಕಡತದ ಯಂತ್ರವೋ, ಎಲ್ಲಿಗೆ ಹೋದರೂ ಅದರ ಬಲದ ಮೇಲೆ ಪ್ರವೇಶ. ಜಾತ್ರೆಯ ಹೆಬ್ಬಾಗಿಲಲ್ಲಿ ಒಮ್ಮೆ ಚೀಟಿ ಪಡೆದವನು ಒಳಗಿನ ಪ್ರತಿ ಅಂಗಡಿಯಲ್ಲೂ ಗಂಟು ಬಿಚ್ಚಿ ತೋರಿಸಬೇಕಾಗಿಲ್ಲ. ಗುಪ್ತಪದವು ಕಾವಲುಗಾರನನ್ನು ದಾಟಿ ಮುಂದೆ ಹೋಗುವುದೇ ಇಲ್ಲ. ಇಂದಿನ ಏಕ ಲಾಗಿನ್‌ನ ಮೂಲಸೂತ್ರ ಇದೇ.

ಆಟದ ಅಂಗಳಕ್ಕೆ

ಕಂಪ್ಯೂಟರ್ ಆಟಗಳ ಲೋಕದಲ್ಲಿ ಮೊದಮೊದಲು ಗುರುತಿನ ಪ್ರಶ್ನೆ ದೊಡ್ಡದಾಗಿರಲಿಲ್ಲ. ಆಟ ಒಂದು ಡಬ್ಬಿಯಲ್ಲಿ ಬರುತ್ತಿತ್ತು, ಡಬ್ಬಿಯ ಮೇಲಿನ ಸಂಖ್ಯೆಯೇ ಅದರ ಕೀಲಿ. 1996 ಮುಗಿದು 1997 ಹುಟ್ಟುವ ಹೊತ್ತಿಗೆ ಬ್ಲಿಜಾರ್ಡ್ ಕಂಪನಿ ‘ಡಯಾಬ್ಲೊ’ ಆಟದ ಜೊತೆಗೆ ಬ್ಯಾಟಲ್‌ನೆಟ್ ಎಂಬ ಜಾಲವನ್ನು ತಂದಿತು. ಆಟಗಾರನಿಗೆ ಆಗ ಒಂದು ಹೆಸರು ಬಂತು; ಕ್ರಮೇಣ ಹೆಸರಿನ ಜೊತೆಗೆ ಗೆಲುವು ಸೋಲಿನ ಲೆಕ್ಕವೂ ಬಂತು.

2003ರ ಸೆಪ್ಟೆಂಬರಿನಲ್ಲಿ ವಾಲ್ವ್ ಕಂಪನಿ ‘ಸ್ಟೀಮ್’ ಆರಂಭಿಸಿತು. ಅಲ್ಲಿಯವರೆಗೆ ಪ್ರಸಿದ್ಧ ‘ಕೌಂಟರ್‌ಸ್ಟ್ರೈಕ್’ ಆಟ ‘ವರ್ಲ್ಡ್ ಅಪೊನೆಂಟ್ ನೆಟ್‌ವರ್ಕ್’ ಎಂಬ ಹಳೆಯ ಜಾಲದ ಮೇಲೆ ನಡೆಯುತ್ತಿತ್ತು. 2004ರ ಜುಲೈ 31ರಂದು ಆ ಜಾಲವನ್ನು ಮುಚ್ಚಲಾಯಿತು. ಆಡಬೇಕೆಂದಿದ್ದರೆ ಸ್ಟೀಮ್ ಖಾತೆ ಮಾಡಲೇಬೇಕಾಯಿತು. ಬಹಳ ಮಂದಿ ಗೊಣಗಿದರು, ಕಡೆಗೆ ಒಗ್ಗಿಕೊಂಡರು. ಕ್ರಮೇಣ ಪಂದ್ಯಾವಳಿ ನಡೆಸುವ ಬೇರೆ ಜಾಲತಾಣಗಳೂ ಸ್ಟೀಮ್ ಗುರುತನ್ನೇ ಒಪ್ಪಿಕೊಳ್ಳತೊಡಗಿದವು.

ಇದರಲ್ಲಿ ಅನುಕೂಲಕ್ಕಿಂತ ದೊಡ್ಡ ಕಾರಣವೊಂದಿತ್ತು. ಪಂದ್ಯಾವಳಿಗೆ ಪರಮಶತ್ರು ಎಂದರೆ ಮೋಸ. ಗೋಡೆಯಾಚೆ ಇರುವ ಎದುರಾಳಿಯನ್ನು ತೋರಿಸುವ, ಗುರಿಯನ್ನು ತಾನೇ ಹಿಡಿಯುವ ಕಳ್ಳ ತಂತ್ರಾಂಶಗಳಿವೆ. ವಾಲ್ವ್ 2002ರಲ್ಲಿಯೇ ಅಂಥವರನ್ನು ಹಿಡಿಯುವ ವ್ಯವಸ್ಥೆ ತಂದಿತ್ತು. ಸಿಕ್ಕಿಬಿದ್ದವನ ಖಾತೆಗೆ ನಿಷೇಧದ ಮುದ್ರೆ ಬೀಳುತ್ತದೆ. ಜಾಲತಾಣಕ್ಕೊಂದು ಹೆಸರಿದ್ದರೆ ಒಂದು ಕಡೆ ಕದ್ದವನು ಇನ್ನೊಂದು ಕಡೆ ಸಾಧುವಾಗಿ ಬರಬಹುದು. ಎಲ್ಲೆಡೆ ಒಂದೇ ಹೆಸರಾದರೆ ಬಹುಮಾನವೂ ಕಳಂಕವೂ ಅವನ ಬೆನ್ನಿಗೇ ಬರುತ್ತವೆ. ‘ಇಂಥ ಗರಡಿಯ ಹುಡುಗ ಕಣದಲ್ಲಿ ಮೋಸ ಮಾಡಿದ’ ಎಂಬ ಸುದ್ದಿ ಮುಂದಿನ ಜಾತ್ರೆಗೆ ಅವನಿಗಿಂತ ಮೊದಲೇ ತಲುಪುತ್ತಿತ್ತಲ್ಲ, ಹಾಗೆ.

ಮೂವತ್ತೈದು ಡಾಲರಿನ ಕಥೆ

ಇಡೀ ಅಂತರ್ಜಾಲಕ್ಕೇ ಒಂದು ಕೀಲಿಕೈ ಮಾಡಿಕೊಡುವ ಹಂಬಲ ಮೊದಲಿಗೆ ಮೈಕ್ರೊಸಾಫ್ಟ್‌ಗೆ ಬಂತು. 1999ರಲ್ಲಿ ಅದು ‘ಪಾಸ್‌ಪೋರ್ಟ್’ ಎಂಬ ವ್ಯವಸ್ಥೆ ತಂದಿತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಪಾಸ್‌ಪೋರ್ಟ್ ಜಾಲತಾಣದ ಹೆಸರಿನ ನೋಂದಣಿ ಶುಲ್ಕ ಕಟ್ಟಲು ಕಂಪನಿ ಮರೆತುಬಿಟ್ಟಿತು. ಹೆಸರು ಅವಧಿ ಮೀರಿತು. ಪಾಸ್‌ಪೋರ್ಟ್‌ನ ಮೇಲೆ ನಿಂತಿದ್ದ ಹಾಟ್‌ಮೇಲ್ ಅಂಚೆಗೆ ಎಷ್ಟೋ ಜನರಿಗೆ ಪ್ರವೇಶ ಸಿಗದಾಯಿತು. ಕಡೆಗೆ ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ತನ್ನ ಜೇಬಿನಿಂದ 35 ಡಾಲರ್ ಕಟ್ಟಿದ. ಬಾಗಿಲು ಮತ್ತೆ ತೆರೆಯಿತು. ಲೋಕದ ಅತಿ ದೊಡ್ಡ ತಂತ್ರಾಂಶ ಕಂಪನಿಯ ಹೆಬ್ಬಾಗಿಲನ್ನು ದಾರಿಹೋಕನೊಬ್ಬ ತೆರೆದುಕೊಟ್ಟಂತಾಯಿತು.

ಎಲ್ಲರ ಗುರುತೂ ಒಂದೇ ಕಂಪನಿಯ ಕೈಯಲ್ಲಿರಬೇಕೆ ಎಂಬ ಪ್ರಶ್ನೆ ಎದ್ದಿತು. 2002ರಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ ಮೈಕ್ರೊಸಾಫ್ಟ್ ಒಪ್ಪಂದಕ್ಕೆ ಬರಬೇಕಾಯಿತು. 2005ರಲ್ಲಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಎಂಬಾತ ‘ಓಪನ್ ಐಡಿ’ ಎಂಬ ಬೇರೆ ದಾರಿ ತೋರಿಸಿದ. ಯಾವುದೋ ಒಂದು ಕಂಪನಿಯೇ ಯಾಕೆ? ಯಾರಿಗೆ ಯಾರ ಮೇಲೆ ನಂಬಿಕೆಯೋ ಅವರ ಬಳಿ ಗುರುತು ಇಟ್ಟುಕೊಳ್ಳಲಿ. ಜಾಲತಾಣ ಅವರನ್ನೇ ಕೇಳಿಕೊಳ್ಳಲಿ. ಅಂದರೆ ಊರಿಗೊಂದು ಗರಡಿ ಇರಬಹುದು, ಕಣ ಎಲ್ಲ ಗರಡಿಗಳನ್ನೂ ಒಪ್ಪಬೇಕು.

ಇದು ನಡೆಯುವ ಬಗೆ ಸರಳ. ಆಟಗಾರ ಪಂದ್ಯಾವಳಿಯ ತಾಣಕ್ಕೆ ಹೋಗುತ್ತಾನೆ. ತಾಣ ಅವನನ್ನು ಅವನ ಗುರುತು ಕಾಯುವ ಸಂಸ್ಥೆಯ ಬಾಗಿಲಿಗೆ ಕಳುಹಿಸುತ್ತದೆ. ಗುಪ್ತಪದವನ್ನು ಅವನು ಹೇಳುವುದು ಅಲ್ಲಿ ಮಾತ್ರ. ‘ಈ ತಾಣಕ್ಕೆ ನಿನ್ನ ಹೆಸರು ತಿಳಿಸಲೆ?’ ಎಂದು ಸಂಸ್ಥೆ ಕೇಳುತ್ತದೆ. ಅವನು ಹೂಂ ಎಂದರೆ ಮುದ್ರೆ ಒತ್ತಿದ ಚೀಟಿಯೊಂದಿಗೆ ಅವನನ್ನು ಹಿಂದಕ್ಕೆ ಕಳುಹಿಸುತ್ತದೆ. ತಾಣ ಮುದ್ರೆ ನೋಡಿ ಒಳಗೆ ಬಿಡುತ್ತದೆ. ಆ ‘ಹೂಂ’ ಎನ್ನುವ ಮುನ್ನ ಏನೇನು ತಿಳಿಸಲಾಗುತ್ತಿದೆ ಎಂದು ಓದುವವರು ಮಾತ್ರ ವಿರಳ.

2008ರಲ್ಲಿ ಫೇಸ್‌ಬುಕ್ ತನ್ನ ಖಾತೆಯಿಂದಲೇ ಬೇರೆ ತಾಣಗಳಿಗೆ ಹೋಗುವ ಸೌಲಭ್ಯ ಕೊಟ್ಟಿತು. ಗೂಗಲ್ ಮುಂತಾದವೂ ಇದೇ ಹಾದಿ ಹಿಡಿದವು. 2014ರಲ್ಲಿ ‘ಓಪನ್ ಐಡಿ ಕನೆಕ್ಟ್’ ಎಂಬ ಹೊಸ ನಿಯಮಾವಳಿಯೂ ಬಂತು. ಆದರೆ ಊರಿಗೊಂದು ಗರಡಿ ಎಂಬ ಕನಸು ನನಸಾಗಲಿಲ್ಲ. ನಾಲ್ಕಾರು ದೊಡ್ಡ ಗರಡಿಗಳು ಉಳಿದವು, ಜಗತ್ತೆಲ್ಲ ಅವುಗಳ ಶಿಷ್ಯಕೋಟಿಯಾಯಿತು.

ಐದು ಬಾಗಿಲು, ಒಂದು ಶರಣಾಗತಿ

ಹೀಗೆ ಎಲ್ಲವೂ ಒಂದು ಕಡೆ ಸೇರಿದರೆ ಆಗುವುದೇನು? ಉತ್ತರಕ್ಕೆ ವಿಜಯಪುರದವರು ದೂರ ಹೋಗಬೇಕಾಗಿಲ್ಲ. ಒಂದನೆಯ ಅಲಿ ಆದಿಲ್‌ಶಾಹಿಯ ಕಾಲದಲ್ಲಿ, 1565ರ ಸುಮಾರಿಗೆ ಮುಗಿದ ಊರ ಕೋಟೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್. ಐದು ಹೆಬ್ಬಾಗಿಲು, ತೊಂಬತ್ತಕ್ಕೂ ಹೆಚ್ಚು ಕೊತ್ತಳ, ಸುತ್ತ ಕಂದಕ, ನಡುವೆ ಇನ್ನೊಂದು ಒಳಕೋಟೆ. ಔರಂಗಜೇಬನ ಸೈನ್ಯ 1685ರಲ್ಲಿ ಮುತ್ತಿಗೆ ಹಾಕಿ ವರ್ಷಕ್ಕೂ ಮೀರಿ ಹೊರಗೇ ಕಾದಿತು. 1686ರ ಸೆಪ್ಟೆಂಬರಿನಲ್ಲಿ ಸಿಕಂದರ ಆದಿಲ್‌ಶಾಹಿ ಶರಣಾದ. ಮೊಗಲರು ಐದು ಬಾಗಿಲನ್ನೂ ಒಂದೊಂದಾಗಿ ಗೆಲ್ಲಬೇಕಾಗಲಿಲ್ಲ. ಒಂದು ಶರಣಾಗತಿಗೆ ಎಲ್ಲವೂ ತೆರೆದುಕೊಂಡವು. ದಕ್ಷಿಣದ ಬಾಗಿಲಿಗೆ ಫತೇ ದರ್ವಾಜಾ ಎಂಬ ಗೆಲುವಿನ ಹೆಸರು ಉಳಿಯಿತು.

ಏಕ ಲಾಗಿನ್‌ನ ಬಲವೂ ಇದೇ, ದೌರ್ಬಲ್ಯವೂ ಇದೇ. ನೂರು ಕಡೆ ದುರ್ಬಲ ಬೀಗ ಹಾಕುವುದಕ್ಕಿಂತ ಒಂದು ಕಡೆ ಭದ್ರವಾದ ಬೀಗ ಲೇಸು. ಆದರೆ ಆ ಒಂದು ಹೋದರೆ ನೂರೂ ಹೋದಂತೆ.

ಉದಾಹರಣೆಗಳಿಗೆ ಕೊರತೆಯಿಲ್ಲ. 2011ರ ಏಪ್ರಿಲ್‌ನಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ ಜಾಲಕ್ಕೆ ಕಳ್ಳರು ನುಗ್ಗಿದರು. 7.7 ಕೋಟಿ ಖಾತೆಗಳ ವಿವರ ಅಪಾಯಕ್ಕೆ ಸಿಕ್ಕಿತು; ಮೂರು ವಾರಕ್ಕೂ ಹೆಚ್ಚು ಕಾಲ ಜಾಲವೇ ಬಂದಾಗಿತ್ತು. ಇಎಸ್‌ಇಎ ಎಂಬ ಹೆಸರಾಂತ ಪಂದ್ಯಾವಳಿ ಸಂಸ್ಥೆಗೆ 2016ರ ಡಿಸೆಂಬರಿನಲ್ಲಿ ಕನ್ನ ಹಾಕಿದವನು ಒಂದು ಲಕ್ಷ ಡಾಲರ್ ಕೇಳಿದ. ಸಂಸ್ಥೆ ಕೊಡಲಿಲ್ಲ. 2017ರ ಜನವರಿಯಲ್ಲಿ ಸುಮಾರು 15 ಲಕ್ಷ ಆಟಗಾರರ ಹೆಸರು, ಜನ್ಮದಿನಾಂಕ, ಫೋನ್ ಸಂಖ್ಯೆಗಳು ಬಯಲಾದವು. ಇನ್ನು 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನಿಂದ ಕಳುವಾದದ್ದು ಗುಪ್ತಪದಗಳಲ್ಲ, ಪ್ರವೇಶದ ಚೀಟಿಗಳೇ. ಮೊದಲು ಐದು ಕೋಟಿ ಎಂದಿದ್ದ ಕಂಪನಿ ನಂತರ ಸುಮಾರು ಮೂರು ಕೋಟಿ ಎಂದಿತು. ಆ ಚೀಟಿಗಳನ್ನು ಬೇರೆ ತಾಣಗಳಲ್ಲಿ ಬಳಸಿದ ಸುಳಿವು ಸಿಗಲಿಲ್ಲವೆಂದು ಕಂಪನಿ ಹೇಳಿತಾದರೂ, ಒಂದು ಮನೆಯ ಕಳವು ಎಷ್ಟು ಮನೆಗಳಿಗೆ ಮುಟ್ಟಬಹುದಿತ್ತು ಎಂಬುದು ಜನಕ್ಕೆ ಅರಿವಾಯಿತು.

ಕಳವೇ ಆಗಬೇಕೆಂದಿಲ್ಲ. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ‘ಪಬ್‌ಜಿ ಮೊಬೈಲ್’ ಒಂದು. ಅದರಲ್ಲಿ ವರ್ಷಗಟ್ಟಲೆ ಹೆಸರು ಗಳಿಸಿದವರ ಲೆಕ್ಕವೆಲ್ಲ ತೂಗುಯ್ಯಾಲೆಗೆ ಬಿತ್ತು. 2021ರ ಜುಲೈನಲ್ಲಿ ಬಂದ ಅದರ ಭಾರತೀಯ ರೂಪಕ್ಕೆ ಹಳೆಯ ಲೆಕ್ಕವನ್ನು ತರಲು ಅವಕಾಶವಾಯಿತು. 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಆಟಗಾರನ ಹೆಸರು ಅವನದೇ ಆದರೂ ಅದು ಬರೆದಿರುವುದು ಪರರ ಪುಸ್ತಕದಲ್ಲಿ ಎಂಬುದಕ್ಕೆ ಇದು ಸಾಕ್ಷಿ.

ಕರ್ನಾಟಕದ ನ್ಯಾಯಮೂರ್ತಿ ಎತ್ತಿದ ಪ್ರಶ್ನೆ

ಒಂದೇ ಗುರುತು ಎಲ್ಲ ಬಾಗಿಲಿಗೂ ಬೇಕೆ ಎಂಬ ಪ್ರಶ್ನೆಯನ್ನು ಈ ದೇಶದಲ್ಲಿ ಗಟ್ಟಿಯಾಗಿ ಕೇಳಿದವರು ಕನ್ನಡ ನಾಡಿನವರು ಎಂಬುದನ್ನು ಇಲ್ಲಿ ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದರೂ, ಖಾಸಗಿ ಕಂಪನಿಗಳು ಅದನ್ನು ಕೇಳಲು ದಾರಿ ಮಾಡಿದ್ದ ಭಾಗವನ್ನು ತೆಗೆದುಹಾಕಿತು. ಆಮೇಲೆ 2019ರ ತಿದ್ದುಪಡಿ, ಜನರೇ ಇಷ್ಟಪಟ್ಟು ಕೊಡುವುದಾದರೆ ಎಂಬ ಷರತ್ತಿನ ಮೇಲೆ ಕೆಲವು ಬಾಗಿಲುಗಳನ್ನು ಮತ್ತೆ ತೆರೆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆಧಾರ್ ಬೇರೆ, ಆಟದ ಖಾತೆ ಬೇರೆ, ನಿಜ. ಪ್ರಶ್ನೆ ಮಾತ್ರ ಒಂದೇ: ಅನುಕೂಲಕ್ಕೆಂದು ಕೊಟ್ಟ ಗುರುತು ಯಾರ ಯಾರ ಕೈ ಸೇರುತ್ತದೆ?

ಆಟದ ಕಾನೂನೂ ಈ ನಡುವೆ ಹಲವು ಮಗ್ಗುಲು ಬದಲಿಸಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಯ ತಿದ್ದುಪಡಿಯಿಂದ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ ಹಣ ಹೂಡಿ ಆಡುವ ಆಟಗಳಿಗೆ ನಿಷೇಧ ಹೇಳಿ, ಕೌಶಲದ ಇ-ಕ್ರೀಡೆಯನ್ನು ಅದರಿಂದ ಬೇರ್ಪಡಿಸಿ ಪ್ರೋತ್ಸಾಹಿಸುವ ಮಾತಾಡಿತು. ಇ-ಕ್ರೀಡೆ ಹುಡುಗಾಟವೆಂದು ತಳ್ಳಿಹಾಕುವ ಕಾಲವೂ ಕಳೆದಿದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದಾಗ ಕಂಚು ತಂದ ತೀರ್ಥ ಮೆಹ್ತಾ ಮಹಾನಗರದವರಲ್ಲ, ಗುಜರಾತಿನ ಭುಜ್ ಊರಿನವರು. ಭುಜ್‌ನ ಹುಡುಗನಿಗೆ ಸಾಧ್ಯವಾದದ್ದು ತಿಕೋಟಾದ ಹುಡುಗನಿಗೆ ಅಸಾಧ್ಯವೇನಲ್ಲ.

ಖಾತೆ ಯಾರದು?

ಆದರೆ ತಿಕೋಟಾದ ಹುಡುಗನ ಕೈಯಲ್ಲಿರುವ ಮೊಬೈಲು ಬಹಳ ಸಲ ಅವನದಲ್ಲ, ಅಪ್ಪನದು. ಅದರಲ್ಲಿರುವ ಗೂಗಲ್ ಖಾತೆಯೂ ಅಪ್ಪನದು, ಫೋನ್ ನಂಬರೂ ಅಪ್ಪನದು. ದ್ರಾಕ್ಷಿ ಮಾರಿದ ಹಣ ಬರುವ ಬ್ಯಾಂಕಿನ ಸಂದೇಶವೂ ಅದೇ ನಂಬರಿಗೆ. ಆಟದ ತಾಣಕ್ಕೆಂದು ಒತ್ತಿದ ಗುಂಡಿ ಆ ಮನೆಯ ಹಿರಿಯನ ಹೆಸರಿನಲ್ಲಿ ‘ಹೂಂ’ ಎಂದಿರುತ್ತದೆ. ಹುಡುಗ ಗೆದ್ದರೆ ದಾಖಲೆಯಲ್ಲಿ ಗೆದ್ದವನು ಅಪ್ಪ!

ಇನ್ನೊಂದು ವಾಡಿಕೆ, ಗೆಳೆಯರು ನಾಲ್ವರು ಸೇರಿ ಒಂದೇ ಖಾತೆಯಲ್ಲಿ ಆಡುವುದು. ಬೀದಿಯಲ್ಲಿ ಒಂದೇ ಬ್ಯಾಟಿನಿಂದ ಎಲ್ಲರೂ ಆಡಿದಂತೆ ಇದು ಅವರಿಗೆ ಸಹಜ. ಪಂದ್ಯಾವಳಿಯ ಕಣ್ಣಿಗೆ ಅದು ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಕುಸ್ತಿ ಹಿಡಿದಂತೆ. ಸಿಕ್ಕಿಬಿದ್ದರೆ ನಾಲ್ವರ ಶ್ರಮವೂ ಒಂದೇ ಪೆಟ್ಟಿಗೆ ನೀರುಪಾಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನು ಮಕ್ಕಳೆಂದು ಪರಿಗಣಿಸಿ ಅವರ ವಿವರ ಪಡೆಯಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಕೊಡುವವನಿಗೆ ತಾನು ಒಪ್ಪಿದ್ದೇನು ಎಂದು ಗೊತ್ತಿದ್ದಾಗ ಮಾತ್ರ ಆ ಮಾತಿಗೆ ಅರ್ಥ.

ತಂತ್ರಜ್ಞಾನ ಸುಮ್ಮನೆ ಕುಳಿತಿಲ್ಲ. 2022ರಿಂದ ಆಪಲ್, ಗೂಗಲ್, ಮೈಕ್ರೊಸಾಫ್ಟ್ ಮೂವರೂ ‘ಪಾಸ್‌ಕೀ’ ಎಂಬ ಹೊಸ ಬಗೆಯನ್ನು ತರುತ್ತಿದ್ದಾರೆ. ಇದರಲ್ಲಿ ನೆನಪಿಡುವ ಗುಪ್ತಪದವೇ ಇಲ್ಲ. ಗುಟ್ಟು ತಾಣದ ಕೈಗೆ ಹೋಗದೆ, ಬೆರಳಚ್ಚು, ಮುಖ ಮುಂತಾದ ಮೊಬೈಲಿನ ಬೀಗ ತೆರೆಯುವ ಗುರುತಿಗೆ ಓಗೊಡುತ್ತದೆ. ಕದಿಯಲು ಕಷ್ಟ. ಆದರೂ ಮೊಬೈಲು ಕಳೆದರೆ ಮರಳಿ ಒಳಗೆ ಬಿಡುವವರು ಯಾರು ಎಂಬಲ್ಲಿಗೆ ಮಾತು ಮತ್ತೆ ಕೀಲಿ ಕಾಯುವವನ ಬಳಿಗೇ ಬರುತ್ತದೆ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಬ್ಯಾಂಕಿನ ಕೀಲಿಯನ್ನೂ ಆಟದ ಕೀಲಿಯನ್ನೂ ಬೇರೆ ಇಡುವುದು. ಮುಖ್ಯ ಖಾತೆಗೆ ಗುಪ್ತಪದದ ಜೊತೆ ಎರಡನೆಯ ಕಾವಲು ಹಾಕುವುದು. ಆ ಖಾತೆಯ ಮೂಲಕ ಎಷ್ಟು ತಾಣಗಳಿಗೆ ಬಾಗಿಲು ತೆರೆದಿದೆ ಎಂಬ ಪಟ್ಟಿ ಖಾತೆಯೊಳಗೇ ಇರುತ್ತದೆ. ಅದನ್ನು ಆಗಾಗ ತೆರೆದು, ಬೇಡದ್ದನ್ನು ಮುಚ್ಚುವುದು. ಇದಕ್ಕೆ ಇಂಗ್ಲಿಷ್ ಪಾಂಡಿತ್ಯ ಬೇಕಾಗಿಲ್ಲ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಕಳೆಯುವ ತಾಳ್ಮೆ ಬೇಕು.

ಗರಡಿಯಲ್ಲಿ ಹೆಸರು ಕೊಡುವವನಿಗೆ ಹೊಣೆಯೂ ಇತ್ತು. ಶಿಷ್ಯ ಕಣದಲ್ಲಿ ತಪ್ಪಿದರೆ ಜನ ಬಂದು ಕೇಳುತ್ತಿದ್ದದ್ದು ಉಸ್ತಾದನನ್ನು, ಅವನಿಗೆ ಅನ್ಯಾಯವಾದರೆ ಪಂಚರೆದುರು ನಿಲ್ಲುತ್ತಿದ್ದವನೂ ಉಸ್ತಾದನೇ. ಇಂದಿನ ಕೀಲಿ ಕಾಯುವವರು ಹೆಸರನ್ನು ಕ್ಷಣದಲ್ಲಿ ಕೊಡುತ್ತಾರೆ, ಕ್ಷಣದಲ್ಲಿ ಕಿತ್ತುಕೊಳ್ಳಬಲ್ಲರು. ಬಬಲೇಶ್ವರದ ಹುಡುಗನೊಬ್ಬನ ಖಾತೆ ತಪ್ಪಾಗಿ ಬಂದಾದರೆ ಅವನು ಯಾರ ಮನೆಯ ಕದ ತಟ್ಟಬೇಕು? ನೂರು ಬಾಗಿಲು ತೆರೆಯುವ ಕೀಲಿಯನ್ನು ಮಾಡಿಕೊಟ್ಟವರು ಈ ಒಂದು ಬಾಗಿಲನ್ನು ಇನ್ನೂ ಮಾಡಿಕೊಟ್ಟಿಲ್ಲ.